ನಡುಹಗಲಿನ ಗಂಜಿ

ಬೆಳ್ಳುಳ್ಳಿ ಹಾಕಿ ಕುದಿಸಿದ ಜವೆಗೋಧಿ ಗಂಜಿಯ ವಾಸನೆ ಬಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ರಂಜಾನಿನ ನಡುಹಗಲಲ್ಲಿ ನಮ್ಮ ಓಯಸಿಸ್ಸಿನ ಯಾವ ಮನೆಯಿಂದಲೂ ಬರಬಾರದ ವಾಸನೆ ಅದು. ಆ ಬೇಸಿಗೆ ನಮ್ಮ ಮನೆಯಿಂದ ಬರುತ್ತಿತ್ತು.

ಫ್ರೆಂಚರು ತಮ್ಮ ಯುದ್ಧಕ್ಕೆಂದು ಅಲ್ಜೀರಿಯಾದ ಗಂಡುಮಕ್ಕಳನ್ನು ಹಿಡಿದೊಯ್ಯುತ್ತಿದ್ದ ಕಾಲ. ನನ್ನ ಚಿಕ್ಕಪ್ಪ ಲಖ್ದರ್ ಖರ್ಜೂರದ ಉಗ್ರಾಣದಲ್ಲಿ ಅಡಗಿದ್ದ. ಸಾಲದ್ದಕ್ಕೆ ಜ್ವರ, ಉಪವಾಸ ಮಾಡುವ ಹಾಗಿರಲಿಲ್ಲ. ರಾತ್ರಿಯ ಗಂಜಿ ಆ ಸೆಕೆಗೆ ಬೆಳಗಾಗುವಷ್ಟರಲ್ಲಿ ಹಳಸುತ್ತಿತ್ತು. ಹಾಗಾಗಿ ಅಜ್ಜಿ ಮಬ್ರೂಕ ಹಗಲಲ್ಲೇ ಕದ್ದು ಬೇಯಿಸುತ್ತಿದ್ದಳು.

ಅಂಥ ಹೊತ್ತಿಗೆ ಬಂದಳು ವಿನಿಫ್ರೆಡ್ ಮಿಸ್ಸಮ್ಮ. ಯೇಸುವಿನ ಕಥೆ ಹೇಳುತ್ತ, ನೋಯುವ ಕಣ್ಣುಗಳಿಗೆ ಔಷಧ ಹಾಕುತ್ತ ಮರುಭೂಮಿ ಸುತ್ತುವ ಇಂಗ್ಲಿಷ್ ಹೆಂಗಸು. ಅವಳ ಒಂಟೆ ಕುಂಟುತ್ತಿತ್ತು, ಅದು ವಾಸಿಯಾಗುವವರೆಗೆ ತಂಗಲು ಜಾಗ ಕೇಳಿದಳು. ಬಾಗಿಲಿಗೆ ಬಂದ ಅತಿಥಿಯನ್ನು ಅಜ್ಜಿ ತಿರುಗಿಸಿ ಕಳಿಸಲಾರಳು.

"ಈ ಬಿಸಿಲಿಗೆ ಹಾವೂ ಬಿಲ ಬಿಟ್ಟು ಬರಲ್ಲ. ಇವಳು ಯಾಕೆ ಬಂದಳು?" ಎಂದು ಅಮ್ಮನ ಕಿವಿಯಲ್ಲಿ ಉಸುರಿದಳು.

ಮಿಸ್ಸಮ್ಮ ಅಂಗಳದ ನೆರಳಲ್ಲಿ ಕೂತು ಬರೆಯುತ್ತಲೇ ಇರುವಳು.

"ಅಷ್ಟೊಂದು ಏನಮ್ಮಾ ಗೀಚ್ತೀಯ?" ಎಂದಳು ಅಜ್ಜಿ.

"ನಿಮ್ಮ ಮನೆ ವಿಷಯಾನೇ, ಅಮ್ಮಾ. ನಮ್ಮೂರಿನ ಹೆಂಗಸರು ಓದ್ತಾರೆ."

"ನಮ್ಮನೇಲಿ ಓದೋಕೇನಿದೆ? ಒಂದು ಆಡು, ಒಂದು ಮುದುಕಿ. ಆಡಿನ ವಿಷಯ ಬರಕೋ, ಸಾಕು."

ಮಿಸ್ಸಮ್ಮ ನಕ್ಕಳು. ಅಜ್ಜಿ ನಗಲಿಲ್ಲ.

ಹಗಲಲ್ಲಿ ಖರ್ಜೂರ ಕೊಟ್ಟರೆ, "ಸಂಜೆ ನಿಮ್ಮ ಜೊತೇಲೇ ತಿಂತೀನಿ" ಎಂದು ಮಿಸ್ಸಮ್ಮ ತಟ್ಟೆ ಸರಿಸುತ್ತಿದ್ದಳು. ಅಜ್ಜಿಗೆ ಅದರ ಮೇಲೂ ಅನುಮಾನ. "ನಾಟಕ! ಹಗಲೆಲ್ಲ ಬಾಯಿ ಮುಚ್ಕೊಂಡು ಮೂಗು ತೆರಕೊಂಡು ಕೂತಿರ್ತಾಳೆ." ಉಗ್ರಾಣದಲ್ಲಿ ಕೆಮ್ಮು ಕೇಳಿದಾಗಲೆಲ್ಲ, ಕೆಮ್ಮಿದ್ದು ಅದೇ ಎಂಬಂತೆ, ಅಜ್ಜಿ ಆಡನ್ನು ಗದರಿಸುತ್ತಿದ್ದಳು. ಮಿಸ್ಸಮ್ಮನ ಲೇಖನಿ ಒಂದು ಕ್ಷಣ ನಿಂತು ಮತ್ತೆ ಓಡುತ್ತಿತ್ತು.

ಒಂದು ಮಧ್ಯಾಹ್ನ ಊರ ಮುಖ್ಯಸ್ಥನ ಜವಾನ ಜೆಲ್ಲೂಲ್ ಇಬ್ಬರು ಸಿಪಾಯಿಗಳೊಂದಿಗೆ ನುಗ್ಗಿದ. ಗಂಜಿ ಆಗಷ್ಟೇ ಬಟ್ಟಲಿಗೆ ಇಳಿದಿತ್ತು.

"ರಂಜಾನಲ್ಲಿ ಒಲೆ ಉರೀತಿದೆ! ಯಾರಿಗಜ್ಜಿ ಈ ಮೇಜವಾನಿ?"

"ಮಗೂಗೆ ಕಣಪ್ಪಾ," ಎಂದು ಅಜ್ಜಿ ನನ್ನತ್ತ ತೋರಿಸಿದಳು.

"ನಮ್ಮ ಮಕ್ಕಳಿಗೆ ರಾತ್ರಿ ಉಳಿದ ರೊಟ್ಟೀನೇ ಗತಿ. ನಿನ್ನ ಮೊಮ್ಮಗಳೇನು ಸುಲ್ತಾನನ ಮಗಳಾ?"

ಅವನ ಕಣ್ಣು ಉಗ್ರಾಣದ ಬಾಗಿಲಿಗೆ ಹೋಯಿತು. ಅಜ್ಜಿ ಬಟ್ಟಲನ್ನು ಕೈಗೆತ್ತಿಕೊಂಡಳು. ಆದರೆ ಅವಳು ದುರುಗುಟ್ಟಿ ನೋಡಿದ್ದು ಮಿಸ್ಸಮ್ಮನನ್ನು. ಕರೆಸಿದ್ದು ಇವಳೇ ಎಂಬ ನೋಟ ಅದು.

ಮಿಸ್ಸಮ್ಮ ಎದ್ದು ಬಂದಳು. ಅಜ್ಜಿಯ ಕೈಯಿಂದ ಬಟ್ಟಲು ತೆಗೆದುಕೊಂಡು, ಅಂಗಳದ ನಟ್ಟನಡುವೆ ಕೂತು, ಒಂದು ಚಮಚ ಗಂಜಿ ಬಾಯಿಗಿಟ್ಟಳು. ಸುಟ್ಟಿತೇನೋ, ಕಣ್ಣಲ್ಲಿ ನೀರಾಡಿತು.

"ಕ್ಷಮಿಸಿ. ನಾನು ಕ್ರೈಸ್ತಳು, ನಮಗೆ ಈ ಉಪವಾಸ ಇಲ್ಲ."

ಜೆಲ್ಲೂಲ್ ಮುಖ ತಿರುಗಿಸಿದ. "ಥೂ! ಇವಳಿಗೆ ಬೇಯಿಸಿ ಹಾಕೋಕೆ ನಾಚಿಕೆ ಆಗಲ್ವಾ ನಿಂಗೆ?"

"ಅತಿಥಿ ಅಲ್ವೇನಪ್ಪಾ," ಎಂದಳು ಅಜ್ಜಿ. ದನಿ ಸಣ್ಣಗಾಗಿತ್ತು.

ಮಿಸ್ಸಮ್ಮ ಇನ್ನೊಂದು ಚಮಚ ತುಂಬಿಕೊಂಡಳು. ಉಪವಾಸವಿದ್ದ ಸಿಪಾಯಿಗಳಿಗೆ ಆ ವಾಸನೆಯ ಮುಂದೆ ನಿಲ್ಲಲಾಗಲಿಲ್ಲ, ಗೊಣಗುತ್ತ ಹೊರಟರು. ಜೆಲ್ಲೂಲನೂ ಅವರ ಹಿಂದೆ ಹೋದ.

ಅವರ ಕುದುರೆಗಳ ಸದ್ದು ದೂರವಾಯಿತು. ಆಮೇಲೆ ಮಿಸ್ಸಮ್ಮ ತುಂಬಿದ ಚಮಚವನ್ನು ಹಾಗೇ ಬಟ್ಟಲಿಗೆ ಇಳಿಸಿದಳು. ತನ್ನ ತುಟಿ ತಾಗಿದ ಆ ಚಮಚವನ್ನು ತೆಗೆದು, ಬೇರೊಂದನ್ನು ಇಟ್ಟು, ಉಗ್ರಾಣದತ್ತ ಒಮ್ಮೆಯೂ ನೋಡದೆ ಬಟ್ಟಲನ್ನು ಎರಡೂ ಕೈಯಲ್ಲಿ ಅಜ್ಜಿಗೆ ಚಾಚಿದಳು.