ಹೆಣ್ಣು ಕೈ

ಲ್ಯಾಟಿನ್ ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದು ಬಲಗೈಯ ಜೊತೆ ಮಾತೂ ಬಿದ್ದುಹೋಗಿತ್ತು. ಐದು ವಾರವಾದರೂ ಬಾಯಿಂದ ಬರುತ್ತಿದ್ದುದು "ಆ... ಆ..." ಅಷ್ಟೇ. ಮಾತು ಕಲಿಸಲು ಮನೆಗೆ ಬರುತ್ತಿದ್ದ ಚಿಕಿತ್ಸಕಿ ಅವರ ಕೈ ಎತ್ತಿ ಹಿಡಿದು, "ಇದೇನು ಹೇಳಿ ಸಾರ್" ಅಂದರೆ ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು.

"ಬಾಯಿಪಾಠ ಮಾಡಿದ್ದು ಕೆಲವೊಮ್ಮೆ ಹಾಗೇ ಉಳಿದಿರುತ್ತಮ್ಮಾ," ಎಂದಳು ಚಿಕಿತ್ಸಕಿ ಒಂದು ದಿನ. "ಹಾಡು, ಮಗ್ಗಿ, ಏನಾದ್ರೂ ಬರುತ್ತಾ ಇವರಿಗೆ?"

"ಹಾಡಂತೆ ಹಾಡು! ಇವರಿಗೆ ಗೊತ್ತಿರೋದು ನನ್ನ ಸವತಿ ಒಬ್ಬಳೇ," ಅಂದರು ಹೆಂಡತಿ. ಮೂವತ್ತೆಂಟು ವರ್ಷದಿಂದ ಲ್ಯಾಟಿನ್ನಿಗೆ ಅವರಿಟ್ಟ ಹೆಸರು ಅದು. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತ ಕಾಲ ಕಳೆದ ಅವರು ಆ ಭಾಷೆಯ ಒಂದಕ್ಷರವನ್ನೂ ಕಲಿಯಲು ಹೋಗಿರಲಿಲ್ಲ.

ಅಂದು ಸಂಜೆ ಗಂಡ ಕನ್ನಡ ಅಕ್ಷರದಲ್ಲೇ ಉಚ್ಚಾರಣೆ ಬರೆದಿಟ್ಟಿದ್ದ ಹಳೆಯ ನೋಟ್‌ಬುಕ್ ತೆಗೆದು, ಕೈ ಎಂಬ ಅರ್ಥದ ಪದ ಹುಡುಕಿ, ತಡವರಿಸುತ್ತ ಓದಿದರು: "ಪ್ರಥಮಾ ವಿಭಕ್ತಿ, ಮನುಸ್. ಷಷ್ಠಿ, ಮನೂಸ್. ಚತುರ್ಥಿ..."

"ಮನುಈ," ಎಂದಿತು ಹಾಸಿಗೆಯಿಂದ ಒಂದು ಒರಟು ದನಿ. "ಮನುಮ್. ಮನೂ."

ಹೆಂಡತಿಯ ಕೈಯಿಂದ ನೋಟ್‌ಬುಕ್ ಜಾರಿತು.

ಆಮೇಲೆ ದಿನಾ ಪಾಠ. ವಿಭಕ್ತಿ ಮುಗಿಸಿ, ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳಲ್ಲಿ ಆ ಪದದ ಮಕ್ಕಳ ಪಟ್ಟಿಗೆ ಬಂದರು: ಇಟಲಿಯವರ ಮಾನೋ, ಸ್ಪೇನಿನವರ ಮಾನೋ, ಫ್ರೆಂಚರ ಮ್ಯಾಂ, ಪೋರ್ಚುಗೀಸರ ಮೌಂ. ಮೇಷ್ಟ್ರು ಗಿಣಿಯಂತೆ ಒಪ್ಪಿಸುತ್ತಿದ್ದರು. ಆದರೆ ಪಾಠದಿಂದಾಚೆ, ನೀರು ಬೇಕೆಂದರೂ ಸನ್ನೆಯೇ. ಹೆಂಡತಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬರುತ್ತಿದ್ದರು.

ಒಂದು ಬೆಳಿಗ್ಗೆ ಆತುರದಲ್ಲಿ ಅವರು, "ಇಟಲಿಯಲ್ಲಿ ಇಲ್ ಮಾನೋ," ಎಂದುಬಿಟ್ಟರು. ಆ ಭಾಷೆಯಲ್ಲಿ ಇಲ್ ಗಂಡುಪದಕ್ಕೆ, ಲಾ ಹೆಣ್ಣುಪದಕ್ಕೆ.

ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಎಡಗೈಯಿಂದ ಮಂಚ ಗುದ್ದಿ, "ಲಾ! ಲಾ ಮಾನೋ!" ಎಂದರು.

"ಕೊನೇಲಿ ಓ ಬಂದ್ರೆ ಗಂಡು ಅಂತ ನೀವೇ ಬರೆದಿದ್ದೀರಲ್ರೀ!"

"ಅಲ್ಲ... ಕೈ..." ಮೇಷ್ಟ್ರ ಕತ್ತಿನ ನರ ಉಬ್ಬಿತು. "ಕೈ... ಹೆಣ್ಣು! ಮನುಸ್... ಅದರಮ್ಮ... ಅವಳೂ ಹೆಣ್ಣು!"

ಯಾವ ಪುಟದಲ್ಲೂ ಇಲ್ಲದ, ತಾವೇ ತಡಕಾಡಿ ತಂದ ಮಾತು. ಹೆಂಡತಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಆದರೂ ಬಿಡದೆ ಕೆಣಕಿದರು: "ನಮ್ಮ ಮಾತಲ್ಲಿ ಕೈಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಸುಮ್ನಿರಿ."

"ದಡ್ಡಿ," ಎಂದರು ಮೇಷ್ಟ್ರು, ಅಚ್ಚುಕಟ್ಟಾಗಿ.

ಚಿಕಿತ್ಸಕಿ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು, "ಬೈದ್ರು ಕಣಮ್ಮಾ, ನನ್ನ ಬೈದ್ರು!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಆಕೆ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಮತ್ತೆ ದನಿ ಬಂತು:

"ಕನ್ನಡಕ... ಕೊಡೇ."