ಭಾನುವಾರದ ಅಡ್ಜಸ್ಟ್‌ಮೆಂಟು

ಮನೆಯಲ್ಲಿ ಅವನು ಗುಂಡ, ಆಸ್ಪತ್ರೆಯಲ್ಲಿ ಚಿಕ್ಕ ಡಾಕ್ಟರು. ಡಾಕ್ಟರಾಗಿ ವರ್ಷವೂ ತುಂಬದವನನ್ನು ಗುಂಡ ಎಂದೇ ಕರೆದರೆ ತಪ್ಪಿಲ್ಲ. ಯಾರಾದರೂ ‘ಡಾಕ್ಟರೇ’ ಎಂದು ಕೂಗಿದರೆ ಅವನೇ ಇನ್ನೂ ಹಿಂದಿರುಗಿ ನೋಡುತ್ತಿದ್ದ, ಬೆನ್ನ ಹಿಂದೆ ನಿಜವಾದ ಡಾಕ್ಟರೊಬ್ಬರು ಬರುತ್ತಿರಬೇಕು ಎಂದುಕೊಂಡು.

ಪರೀಕ್ಷೆ ಪಾಸಾದ ಮೇಲೆ ಹೊಸ ಡಾಕ್ಟರುಗಳು ಆಸ್ಪತ್ರೆಯ ಒಂದೊಂದು ವಿಭಾಗದಲ್ಲೂ ಎರಡೆರಡು ತಿಂಗಳು ದುಡಿಯಬೇಕು. ಮಕ್ಕಳ ವಾರ್ಡು, ಹೆರಿಗೆ ವಾರ್ಡು, ಮೂಳೆ ವಿಭಾಗ ಹೀಗೆ ಸುತ್ತು. ಹತ್ತಿ ಯಾವ ಕಪಾಟಿನಲ್ಲಿದೆ, ಯಾವ ಸಿಸ್ಟರಿಗೆ ಯಾವಾಗ ಸಿಟ್ಟು ಬರುತ್ತದೆ ಎಂದು ತಿಳಿಯುವಷ್ಟರಲ್ಲಿ ಗಂಟುಮೂಟೆ ಕಟ್ಟುವ ದಿನ ಬಂದಿರುತ್ತದೆ. ಎರಡು ತಿಂಗಳಿಗೊಂದು ಮನೆಗೆ ಹೊಸ ಸೊಸೆಯಾಗಿ ಹೋದ ಹಾಗೆ. ಹಳೆಯ ಮನೆಯವರನ್ನು ಮರೆಯಬೇಕು, ಹೊಸ ಮನೆಯವರ ಮುಂದೆ ಎಲ್ಲ ಗೊತ್ತಿದ್ದವರಂತೆ ಮುಖ ಮಾಡಿಕೊಂಡು ನಿಲ್ಲಬೇಕು.

ಈ ಸುತ್ತಾಟದೊಳಗೆ ಹುಡುಗರು ತಮಗೆ ತಾವೇ ಮಾಡಿಕೊಂಡ ಒಂದು ಏರ್ಪಾಡಿತ್ತು. ಅದಕ್ಕೆ ‘ಅಡ್ಜಸ್ಟ್’ ಎಂದು ಹೆಸರು. ಒಬ್ಬನಿಗೆ ಏನಾದರೂ ಕೆಲಸವಿದ್ದರೆ ಇನ್ನೊಬ್ಬ ತನ್ನ ವಾರ್ಡಿನ ಜೊತೆಗೆ ಅವನ ವಾರ್ಡನ್ನೂ ಕೆಲವು ಗಂಟೆ ನೋಡಿಕೊಳ್ಳುವುದು. ಮೇಲಿನವರಿಗೆ ಹೇಳುವುದಿಲ್ಲ, ಬರೆದಿಡುವುದಿಲ್ಲ. ಇಬ್ಬರ ಕೆಲಸ ಒಬ್ಬನ ತಲೆಗೆ ಬಿತ್ತು ಎಂದು ಅದನ್ನು ಯಾರೂ ಕರೆಯುತ್ತಿರಲಿಲ್ಲ; ಸ್ನೇಹ ಎನ್ನುತ್ತಿದ್ದರು. ದೊಡ್ಡ ಡಾಕ್ಟರುಗಳಿಗೂ ಗೊತ್ತಿತ್ತು. ತಾವೂ ಒಂದು ಕಾಲಕ್ಕೆ ಮಾಡಿದ್ದೇ ಆದ್ದರಿಂದ ಕಂಡೂ ಕಾಣದಂತೆ ಇದ್ದರು.

ಆ ಸಲ ವಾರ್ಡು ಬದಲಾಗುವ ದಿನ ಭಾನುವಾರ ಬಿತ್ತು. ಗುಂಡ ಗಂಡಸರ ವಾರ್ಡಿಗೆ ಹೊಸಬನಾಗಿ ಬಂದ. ಹಿಂದಿನ ಎರಡು ತಿಂಗಳು ಅಲ್ಲಿದ್ದ ಹುಡುಗಿ ಬಾಗಿಲ ಬಳಿ ಬ್ಯಾಗು ಹೆಗಲಿಗೇರಿಸಿಕೊಂಡೇ ವಾರ್ಡನ್ನು ಒಪ್ಪಿಸಿದಳು. ‘ಈ ಸಾಲು ಪರವಾಗಿಲ್ಲ, ಆ ಸಾಲಿನ ಮೇಲೆ ಒಂದು ಕಣ್ಣಿಟ್ಟಿರು, ಕಿಟಕಿ ಪಕ್ಕದವರ ಹೃದಯ ತೀರಾ ಸೋತಿದೆ, ಉಳಿದದ್ದು ಫೈಲಲ್ಲಿದೆ.’ ಫೈಲು ಇಟ್ಟಿಗೆಯಷ್ಟು ದಪ್ಪವಿತ್ತು. ಗುಂಡ ಮೇಲಿನ ಹಾಳೆ ಓದಿದ. ಕೆಳಗಿನದನ್ನು ಮಧ್ಯಾಹ್ನ ಓದಿದರಾಯಿತು ಎಂದುಕೊಂಡ. ಆದರೆ ಮಧ್ಯಾಹ್ನ ಅವನು ಇರುವವನೇ ಅಲ್ಲ.

ಅವನ ಅಕ್ಕ ಆ ಮಧ್ಯಾಹ್ನ ಊಟಕ್ಕೆ ನೆಂಟರನ್ನೆಲ್ಲ ಕರೆದಿದ್ದಳು. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಬೈದು ಓದಿಸಿದವಳು ಅವಳೇ. ತಮ್ಮ ಡಾಕ್ಟರಾದದ್ದನ್ನು ನಾಲ್ಕು ಜನಕ್ಕೆ ತೋರಿಸಿ ಹಿಗ್ಗುವ ಆಸೆ ಅವಳಿಗಿದ್ದರೆ ಯಾರು ಬೇಡ ಅಂದಾರು? ಕೆಳಗಿನ ಮಹಡಿಯ ಮಕ್ಕಳ ವಾರ್ಡಿನಲ್ಲಿದ್ದ ಗೆಳೆಯ, ಉದ್ದ ಕತ್ತಿನ ದೆಸೆಯಿಂದ ‘ಒಂಟೆ’ ಅನ್ನಿಸಿಕೊಂಡವನು, ಕೇಳುವ ಮೊದಲೇ ಒಪ್ಪಿದ. ‘ಹೋಗೋ ಮಾರಾಯ, ನಾನು ಅಡ್ಜಸ್ಟ್ ಮಾಡ್ಕೋತೀನಿ. ನನ್ನ ಪಾಲಿಂದೂ ತಿನ್ಕೊಂಡು ಬಾ.’

ಹೊರಡುವ ಹೊತ್ತಿಗೆ ಕಿಟಕಿ ಪಕ್ಕದ ಹಾಸಿಗೆಯವರ ಹೆಂಡತಿ ಎದುರಿಗೆ ಬಂದರು. ಹೊಲಿಗೆ ಕೆಲಸದಾಕೆ, ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಒರಟಾಗಿದ್ದವು. ಗಂಡ ಮಲಗಿದ್ದರು, ಮೂಗಿಗೆ ಆಮ್ಲಜನಕದ ನಳಿಕೆ, ಕಣ್ಣು ಮುಚ್ಚಿತ್ತು. ಎಷ್ಟೋ ದಿನದಿಂದ ಆಕೆ ಗಂಡನ ಹಾಸಿಗೆ ಪಕ್ಕದ ಕಬ್ಬಿಣದ ಸ್ಟೂಲು ಬಿಟ್ಟು ಎದ್ದಿರಲಿಲ್ಲ.

‘ಮನೆಗೆ ಹೋಗಿ ಸ್ನಾನ ಮಾಡಿ, ಇವರಿಗೆ ಒಗೆದ ಬಟ್ಟೆ ತರೋಣ ಅಂತಿದ್ದೆ ಡಾಕ್ಟರೇ. ಹೋಗ್ಲಾ ಬೇಡ್ವಾ ಅಂತ ಮನಸ್ಸು ಹೊಯ್ದಾಡ್ತಿದೆ.’

ಕೈಗಡಿಯಾರ ನೋಡಿಕೊಳ್ಳುತ್ತಿದ್ದ ಗುಂಡ ತಲೆಯೆತ್ತಿ ನಕ್ಕ. ರೋಗಿಯ ಕಡೆಯವರೊಡನೆ ಹಾಗೆ ನಗಬೇಕೆಂದು ಅವನಿಗೆ ಕಲಿಸಿದ್ದರು.

‘ಧೈರ್ಯವಾಗಿ ಹೋಗ್ಬನ್ನಿ ಅಮ್ಮಾ. ನಾನಿರ್ತೀನಲ್ಲ.’

ಸುಳ್ಳು ಹೇಳಬೇಕು ಎಂದು ಹೇಳಿದ್ದಲ್ಲ ಅದು. ‘ನಾನು’ ಎಂದರೆ ಡಾಕ್ಟರು, ಡಾಕ್ಟರು ಎಂದರೆ ಒಂಟೆ, ಒಂಟೆ ಎಂದರೆ ಆಸ್ಪತ್ರೆ. ಅವನ ಲೆಕ್ಕದಲ್ಲಿ ಎಲ್ಲ ಒಂದೇ. ಆಕೆಯ ಲೆಕ್ಕದಲ್ಲಿ ಮಾತ್ರ ‘ನಾನು’ ಎಂದರೆ ಎದುರಿಗೆ ನಿಂತ ಈ ಹುಡುಗ. ಆಕೆ ಗಂಡನ ಹೊದಿಕೆ ಸರಿಮಾಡಿ, ಚೀಲ ಎತ್ತಿಕೊಂಡು ನಡೆದರು.

ಅಕ್ಕನ ಮನೆಯಲ್ಲಿ ಊಟಕ್ಕಿಂತ ಮೊದಲು ಮೊಣಕಾಲುಗಳು ಬಂದವು. ದೊಡ್ಡಪ್ಪ ಪಂಚೆ ಮಡಚಿ ಬಲಗಾಲು ತೋರಿಸಿದರು. ಅತ್ತೆ ನಾಲಿಗೆ ಚಾಚಿದರು. ಚಿಕ್ಕಮ್ಮ ತನ್ನ ಬಿ.ಪಿ. ಮಾತ್ರೆಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡೇ ಬಂದಿದ್ದರು. ಭಾವ ಮಾತ್ರ ಪಕ್ಕದಲ್ಲಿ ಕೂತು, ‘ನನ್ನದೊಂದು ಹಲ್ಲು ನೋಯ್ತಿದೆ, ಅದು ನಿನ್ನ ಇಲಾಖೆಗೆ ಬರಲ್ಲ ಅಂತ ಸುಮ್ನಿದ್ದೀನಿ’ ಎಂದು ಕಿವಿಯಲ್ಲಿ ಉಸುರಿದ. ಗುಂಡ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಅಕ್ಕ ಬಡಿಸುತ್ತಾ ಬಡಿಸುತ್ತಾ ಅವನ ತಲೆ ಸವರಿದಳು. ಅವಳ ಮುಖ ನೋಡಿ ಅವನಿಗೆ ಈ ಜನ್ಮ ಸಾರ್ಥಕ ಅನ್ನಿಸಿತು. ಆಸ್ಪತ್ರೆಯ ನೆನಪೇ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಬಳಿ ಒಂಟೆ ಕಾಯುತ್ತಿದ್ದ. ಕಣ್ಣು ಕೆಂಪಗಿತ್ತು.

‘ಕಿಟಕಿ ಪಕ್ಕದವರು ಹೋದ್ರು ಕಣೋ. ನಿನ್ನೆ ಮಧ್ಯಾಹ್ನಾನೇ.’

‘ನೀನಿದ್ಯಲ್ಲ?’

‘ಎಲ್ಲಿದ್ದೆ? ಕೆಳಗೆ ಒಂದು ಮಗೂಗೆ ಫಿಟ್ಸ್ ಬಂತು. ಅದನ್ನ ಬಿಟ್ಟು ಹ್ಯಾಗೆ ಬರ್ಲಿ? ಮೇಲೆ ಇದ್ದಿದ್ದು ಒಬ್ರೇ ಸಿಸ್ಟರ್, ಅವರು ಆಚೆ ಕೋಣೇಲಿ ಡ್ರೆಸ್ಸಿಂಗ್ ಮಾಡ್ತಿದ್ರು. ಬಂದು ನೋಡೋವಾಗ ಮೈ ತಣ್ಣಗಾಗಿತ್ತು.’

ಒಂಟೆ ಅತ್ತಿತ್ತ ನೋಡಿ ದನಿ ತಗ್ಗಿಸಿದ.

‘ದೊಡ್ಡ ಡಾಕ್ಟರು ಫೈಲ್ ನೋಡಿದ್ರು. ಯಾರಿದ್ರೂ ಉಳೀತಿರ್ಲಿಲ್ಲ, ಇವತ್ತೋ ನಾಳೆಯೋ ಅಂತಿದ್ದೋರು ಅಂದ್ರು. ಡಾಕ್ಟರಿರ್ಲಿಲ್ಲ ಅಂತ ಅವರ ಹೆಂಡ್ತಿಗೂ ಯಾರೂ ಹೇಳಿಲ್ಲ. ಅಲ್ಲಿಗೆ ಮುಗೀತು. ನೀನು ಬಾಯಿ ಬಿಟ್ಟು ಮತ್ತೆ ಕೆದಕಬೇಡ, ಇಬ್ರೂ ಮನೆಗೆ ಹೋಗ್ತೀವಿ ಅಷ್ಟೆ.’

ಗುಂಡ ತಲೆಯಾಡಿಸಿದ. ಯಾರಿದ್ದರೂ ಉಳಿಯುತ್ತಿರಲಿಲ್ಲ ಎನ್ನುವುದು ನಿಜವೇ. ಆ ನಿಜವನ್ನು ಅವನು ಇಡೀ ದಿನ ಜಪದಂತೆ ಹೇಳಿಕೊಂಡ. ಸಂಜೆ ಅಕ್ಕನಿಗೆ ಫೋನು ಮಾಡಿ ಹೇಳಿದ. ಅವಳು, ‘ನಾನು ಕರೀಬಾರದಿತ್ತು ಗುಂಡ’ ಎಂದಳು. ಅವಳ ಸಂತೋಷಕ್ಕೂ ಮಸಿ ಬಳಿದ ಹಾಗಾಯಿತಲ್ಲ ಎಂದು ಅವನಿಗೆ ಇನ್ನಷ್ಟು ಸಂಕಟವಾಯಿತು.

ಆ ವಾರ ಕಳೆಯುವ ಮೊದಲೇ ಆಕೆ ಬಂದರು. ವಾರ್ಡಿನ ಹೊರಗೆ, ನೀರಿನ ನಲ್ಲಿಯ ಪಕ್ಕ ಕಾದು ನಿಂತಿದ್ದರು. ಮುಖ ಇಳಿದುಹೋಗಿತ್ತು, ಆದರೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ಚೆನ್ನಾಗಿತ್ತು ಎಂದು ಗುಂಡನಿಗೆ ಅನ್ನಿಸಿತು.

‘ನಿಮಗೊಂದು ಮಾತು ಹೇಳಿ ಹೋಗೋಣ ಅಂತ ಬಂದೆ’ ಎಂದರು. ‘ನಾನು ಇರಲಿಲ್ಲ ಅನ್ನೋದು ನನ್ನ ತಿನ್ತಾ ಇದೆ. ಇಷ್ಟು ದಿನ ಕೂತಿದ್ದು, ಆ ಒಂದು ಹೊತ್ತು ಎದ್ದು ಹೋದ್ನಲ್ಲ ಅಂತ. ಆಮೇಲೆ, ಡಾಕ್ಟರಿದ್ರಲ್ಲ, ಒಂಟಿಯಾಗೇನೂ ಹೋಗ್ಲಿಲ್ವಲ್ಲ ಅಂತ ಸಮಾಧಾನ ಮಾಡ್ಕೋತೀನಿ.’ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ‘ಕೊನೇಗೆ ಹ್ಯಾಗಿದ್ರು ಡಾಕ್ಟರೇ? ತುಂಬಾ ಒದ್ದಾಡಿದ್ರಾ?’

ಈಗ ಹೇಳಬೇಕಾದ ಮಾತು ಯಾವುದೆಂದು ಗುಂಡನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಈಕೆ ಹಿಡಿದುಕೊಂಡ ಒಂದೇ ಒಂದು ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಒಂಟೆಯ ಕೆಂಪು ಕಣ್ಣು ನೆನಪಾಯಿತು. ತನ್ನ ಬಗ್ಗೆಯೂ ಭಯವಾಯಿತು, ಅದನ್ನೇಕೆ ಮುಚ್ಚಿಡಬೇಕು. ದಯೆ ಯಾವುದು, ಪುಕ್ಕಲುತನ ಯಾವುದು ಎಂದು ಬೇರೆ ಮಾಡಿ ನೋಡುವಷ್ಟು ಹೊತ್ತು ಅವನಿಗಿರಲಿಲ್ಲ.

‘ಇಲ್ಲಮ್ಮ’ ಎಂದ. ‘ನೋವೇನೂ ಆಗ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.’ ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆಕೆ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದರು, ಇನ್ನೊಂದು ತುತ್ತಿಗೆ ಕಾಯುವವರಂತೆ. ಅವನು ಬಡಿಸಿಬಿಟ್ಟ. ‘ನಿಮ್ಮನ್ನೇ ಕೇಳಿದ್ರು. ಅವಳೆಲ್ಲಿ ಅಂದ್ರು. ಬರ್ತಾರೆ ಅಂತ ಹೇಳ್ದೆ.’

ಆಕೆಯ ಕೈಯಿಂದ ಸೆರಗಿನ ತುದಿ ಜಾರಿತು.

‘ಅಂದ್ರು? ಮಾತಾಡಿದ್ರಾ?’

‘ಹ್ಞೂಂ... ಮೆಲ್ಲಗೆ.’

‘ಅವರಿಗೆ ಮಾತು ಹೋಗಿ ನಾಲ್ಕು ವರ್ಷ ಆಯ್ತಲ್ಲ ಡಾಕ್ಟರೇ. ಲಕ್ವ ಹೊಡೆದಾಗಿಂದ.’

ನಲ್ಲಿಯಲ್ಲಿ ಯಾರೋ ಲೋಟ ತೊಳೆದು ಹೋದರು.

‘ಬಸ್ಸಲ್ಲಿ ಕಂಡಕ್ಟರಾಗಿದ್ರು’ ಎಂದರು ಆಕೆ, ಅವನಿಗಿಂತ ತಮಗೇ ಹೇಳಿಕೊಳ್ಳುವಂತೆ. ‘ಜೀವಮಾನವೆಲ್ಲ ಕೂಗಿದ ಗಂಟಲು. ಆಮೇಲೆ ಒಂದು ಅಕ್ಷರ ಹೊರಡಲಿಲ್ಲ. ಏನು ಬೇಕಾದ್ರೂ ಮಂಚದ ಸರಳು ತಟ್ಟೋರು, ಎಡಗೈಲಿ. ನಿಮಗಿಂತ ಮುಂಚೆ ಇದ್ದ ಡಾಕ್ಟರಮ್ಮನಿಗೆ ಎಲ್ಲ ಬಿಡಿಸಿ ಹೇಳಿದ್ದೆ. ಆಕೆ ನಿಮಗೆ ಹೇಳಿರ್ತಾರೆ ಅಂದ್ಕೊಂಡೆ.’ ತಲೆಯೆತ್ತಿದರು. ‘ತಟ್ಟಿದ್ರಾ? ಅದನ್ನಾದ್ರೂ ಹೇಳಿ.’

ಹೌದು ಎಂದರೆ ಮುಗಿಯುತ್ತಿತ್ತು. ಆಕೆಯೇ ದಾರಿ ತೋರಿಸಿಕೊಟ್ಟಿದ್ದರು. ಒಂದು ಸುಳ್ಳಿಗೆ ತೇಪೆ ಹಚ್ಚಲು ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದು ಕೂತಿತ್ತು. ಆದರೆ ನಾಲಿಗೆ ಏಳಲಿಲ್ಲ. ಬದಲಿಗೆ ಕಣ್ಣು ತುಂಬಿತು, ಡಾಕ್ಟರಾದವನು ವಾರ್ಡಿನ ಬಾಗಿಲಲ್ಲಿ ಅಳಬಾರದು ಎಂಬುದೂ ಮರೆತುಹೋಯಿತು.

‘ನನಗೆ ಗೊತ್ತಿಲ್ಲಮ್ಮ. ನಾನಿರ್ಲಿಲ್ಲ. ನಿಮ್ಮನ್ನ ಕಳಿಸಿ ನಾನೂ ಹೋದೆ, ನಮ್ಮಕ್ಕನ ಮನೆಗೆ, ಊಟಕ್ಕೆ. ನನ್ನ ಗೆಳೆಯ ನೋಡ್ಕೋತೀನಿ ಅಂದಿದ್ದ, ಅವನಿಗೆ ಕೆಳಗಿಂದ ಬರೋಕೆ ಬಿಡುವಾಗ್ಲಿಲ್ಲ. ಅವರು ಹೋಗುವಾಗ... ಯಾರೂ ಇರ್ಲಿಲ್ಲ.’

ಕೂಗಾಡುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡಿದ್ದ. ಹಾಗೆ ಮಾಡಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದ ಎಂದರೂ ಸರಿಯೇ. ಆಕೆ ಏನೂ ಮಾಡಲಿಲ್ಲ.

‘ಪಕ್ಕದ ಹಾಸಿಗೆ ಅಜ್ಜ ಇನ್ನೂ ಇದ್ದಾರಾ?’ ಎಂದಷ್ಟೇ ಕೇಳಿದರು.

ಅಜ್ಜ ಇದ್ದರು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಆಗಲೇ ಬೇರೊಬ್ಬರು ಬಂದು ಮಲಗಿದ್ದರು. ಆಕೆ ಅತ್ತ ನೋಡದೆ ಅಜ್ಜನ ತಲೆದಿಂಬಿನ ಬಳಿ ಬಗ್ಗಿದರು. ಗುಂಡ ಮಂಚದ ಕಾಲ ಬಳಿ ನಿಂತ. ಓಡಿಹೋಗುವ ಆಸೆ ಬಲವಾಗಿತ್ತು, ಆದರೆ ಇನ್ನೊಮ್ಮೆ ಇಲ್ಲಿಂದ ಹೋದರೆ ಮತ್ತೆಂದೂ ಈ ಕೆಲಸಕ್ಕೆ ಬರಲಾರೆ ಎನ್ನಿಸಿತು.

‘ಅಜ್ಜ, ಅವತ್ತು ನೀವು ಎಚ್ಚರವಿದ್ರಾ? ನಮ್ಮೋರು ಸರಳು ತಟ್ಟಿದ್ರಾ?’

ಅಜ್ಜ ಆಕೆಯನ್ನು ನೋಡಿದರು, ಗುಂಡನನ್ನು ನೋಡಿದರು. ಅವರ ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗುತ್ತಿತ್ತು.

‘ತಟ್ತಾನೇ ಇದ್ರು ತಾಯಿ. ಬಹಳ ಹೊತ್ತು. ನಾನೂ ಸಿಸ್ಟರ್, ಸಿಸ್ಟರ್ ಅಂದೆ. ನನ್ನ ದನಿ ನನ್ನ ಹಲ್ಲು ದಾಟಿ ಆಚೆ ಹೋಗಲ್ಲ. ಡಾಕ್ಟರು ಬರ್ತಾರೆ, ತಡ್ಕೊಳ್ಳಿ ಅಂತ ಅವರಿಗೆ ಸನ್ನೆ ಮಾಡ್ದೆ.’

‘ಹ್ಯಾಗೆ ತಟ್ಟಿದ್ರು?’

ಅಜ್ಜ ಕೈ ಎತ್ತಿ ಬೆರಳ ಗೆಣ್ಣಿನಿಂದ ಮಂಚದ ಸರಳಿಗೆ ಬಡಿದರು. ಎರಡು ಸಲ. ಉಸಿರು ತೆಗೆದುಕೊಂಡು ಮತ್ತೆ ಎರಡು ಸಲ. ಆಮೇಲೆ ಮತ್ತೆ. ಆಕೆ ಆ ಕೈಯನ್ನು ಹಿಡಿದು ನಿಲ್ಲಿಸುವವರೆಗೂ ಅಜ್ಜ ಬಡಿದರು.

‘ನೀರು ಬೇಕಾದ್ರೆ ಒಂದು ಸಲ’ ಎಂದರು ಆಕೆ. ‘ಎರಡು ಸಲ ತಟ್ಟಿದ್ರೆ ನಾನು.’

ಗುಂಡ ತಲೆ ತಗ್ಗಿಸಿದ. ಆಕೆ ಅಜ್ಜನ ಕೈಯನ್ನು ಹೊದಿಕೆಯೊಳಗೆ ಸೇರಿಸಿ ನೆಟ್ಟಗೆ ನಿಂತರು. ದನಿ ಏರಲಿಲ್ಲ, ನಡುಗಲೂ ಇಲ್ಲ.

‘ನೀವು ಹೇಳಿದ್ದು ಸುಳ್ಳಲ್ಲ ಡಾಕ್ಟರೇ. ನನ್ನನ್ನೇ ಕೇಳಿದ್ರು. ನೀವು ಇರ್ತೀನಿ ಅನ್ನದೆ ಇದ್ದಿದ್ರೆ, ಪಕ್ಕದಲ್ಲೇ ಕೂತಿರ್ತಿದ್ದೆ ನಾನು.’

ಅಷ್ಟು ಹೇಳಿ ಆಕೆ ಸಾಲು ಮಂಚಗಳ ನಡುವೆ ನಡೆದುಕೊಂಡು ಬಾಗಿಲು ದಾಟಿ ಹೋದರು. ಗುಂಡ ಅಲ್ಲೇ ನಿಂತಿದ್ದ.