ಎಡಗಡೆ ಸೀಟು

ನಮ್ಮ ಸಣ್ಣ ವಿಮಾನ ಕಂಪನಿಯನ್ನು ಪಕ್ಕದ ದೊಡ್ಡ ಕಂಪನಿ ನುಂಗುತ್ತದಂತೆ ಎಂಬ ಸುದ್ದಿಯನ್ನು ಮೊದಲು ಹೊತ್ತು ತಂದವನು ಯಾರೋ ಗೊತ್ತಿಲ್ಲ. ಯಾರಾದರೂ ಸರಿ, ಅವನ ಬಾಯಿಗೆ ಮಣ್ಣು ಬೀಳ. ಆವತ್ತಿನಿಂದ ನಮ್ಮಲ್ಲಿ ಕೆಲಸ ಅನ್ನುವುದು ನಿಂತು ಬರೀ ಅಂತೆಕಂತೆ ಶುರುವಾಯಿತು. ನುಂಗುವುದು ಅನ್ನಬಾರದು, ವಿಲೀನ ಅನ್ನಬೇಕು ಎಂದು ನಮ್ಮ ಸೆಕ್ಷನ್ ಹೆಡ್ ತಿದ್ದಿದರು. ಹಾವು ಕಪ್ಪೆಯನ್ನು ವಿಲೀನ ಮಾಡಿಕೊಂಡಿತು ಅಂತ ನಾನಂತೂ ಎಲ್ಲೂ ಕೇಳಿಲ್ಲ.

ನಾನಿರುವುದು ರೋಸ್ಟರ್ ವಿಭಾಗದಲ್ಲಿ. ಯಾವ ಪೈಲಟ್ ಯಾವ ವಿಮಾನ ಹಾರಿಸಬೇಕು, ಪಕ್ಕದಲ್ಲಿ ಯಾರು ಕೂರಬೇಕು, ರಾತ್ರಿ ಯಾವ ಊರಲ್ಲಿ ತಂಗಬೇಕು ಎನ್ನುವುದೆಲ್ಲ ನಮ್ಮ ಕಿಟಕಿಯಿಲ್ಲದ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ಮೂರು ಕಂಪ್ಯೂಟರು, ಒಂದು ಕಡೆ ಮಾತ್ರ ತಣ್ಣಗೆ ಬೀಸುವ ಎಸಿ, ಬೆಳಗಿಂದ ಸಂಜೆವರೆಗೆ ಬಡಿದುಕೊಳ್ಳುವ ಫೋನು. ಆಕಾಶದಲ್ಲಿ ಮಹಾರಾಜರಂತೆ ಮೈಕು ಹಿಡಿದು ಮಾತಾಡುವ ಕ್ಯಾಪ್ಟನ್‌ಗಳು ಇಲ್ಲಿಗೆ ಫೋನು ಮಾಡಿದಾಗ ಬೆಕ್ಕಿನ ಮರಿಯಾಗುತ್ತಾರೆ. ‘ಮೇಡಂ, ಭಾನುವಾರ ಒಂದು ರಜೆ ಸಿಕ್ಕೀತಾ?’ ಅವರ ಗತ್ತು ನನಗೆ ಚೆನ್ನಾಗಿ ಗೊತ್ತು.

ಸುದ್ದಿ ಹಬ್ಬಿದ ಮೇಲೆ ನೋಡಬೇಕಿತ್ತು ಇವರ ಅವತಾರ! ಏರ್‌ಪೋರ್ಟಿನಲ್ಲಿ ದೊಡ್ಡ ಕಂಪನಿಯ ಕೌಂಟರು ನಮ್ಮದರ ಪಕ್ಕದಲ್ಲೇ ಇದೆ. ಅವರ ಕ್ಯೂ ನಮ್ಮ ಜಾಗಕ್ಕೆ ಒಂದಡಿ ನುಗ್ಗಿದರೂ ಜಗಳಕ್ಕೆ ನಿಲ್ಲುತ್ತಿದ್ದ ನಮ್ಮ ಡ್ಯೂಟಿ ಮ್ಯಾನೇಜರು ಈಗ ಅವರಿಗೆ ತಾನೇ ಕಾಫಿ ತಂದುಕೊಡುತ್ತಾನೆ, ಸಕ್ಕರೆ ಸಾಕಾ ಅಂತ ಬೇರೆ ಕೇಳುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ಟೀವಿಯಲ್ಲಿ ಕೋಟು ತೊಟ್ಟ ತಜ್ಞರು ಕೂತು, ವಿಲೀನ ಆದರೂ ಆಗಬಹುದು, ಆಗದೆಯೂ ಇರಬಹುದು ಎಂದು ಒಂದು ಗಂಟೆ ಹೇಳಿದರು. ಅಷ್ಟು ಹೇಳಲು ಕೋಟು ಯಾಕೆ ಬೇಕು? ನಮ್ಮ ಆಫೀಸಿನ ಲಿಫ್ಟಿನವನೂ ಅದನ್ನೇ ಹೇಳುತ್ತಿದ್ದ, ಪಾಪ, ಬನಿಯನ್ನಿನಲ್ಲಿ.

ಇವರನ್ನೆಲ್ಲ ನೋಡಿ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಆ ಹುಚ್ಚು ನಮ್ಮ ಮನೆಯೊಳಗೇ ಕಾಲಿಟ್ಟಿತು.

ನನ್ನ ತಂಗಿಯ ಗಂಡ ನಮ್ಮ ಕಂಪನಿಯಲ್ಲೇ ಸಹಪೈಲಟ್. ಅವನನ್ನು ನಾನು ಸಾಹೇಬ ಅಂತಲೇ ಕರೆಯುವುದು, ಅದರಲ್ಲಿರುವ ಕುಹಕ ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ಅವನನ್ನು ಕಂಪನಿ ಹಾಕಿರುವುದು ವಿಮಾನದಲ್ಲೇ ಎರಡು ಗಂಟೆ ದೂರದ ಊರಿಗೆ. ತಂಗಿ ಇಲ್ಲಿ, ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಏಳು ವರ್ಷದ ಮಗಳು ಅವಳ ಜೊತೆ. ಅಪ್ಪ ಬರುವುದು ತಿಂಗಳಿಗೊಮ್ಮೆ, ಎರಡು ದಿನ. ಅದರಲ್ಲಿ ಒಂದು ದಿನ ಮಲಗಿರುತ್ತಾನೆ. ಮಗು ಅವನ ಬಾಗಿಲ ಹೊರಗೆ ಚಪ್ಪಲಿಯ ಸದ್ದು ಮಾಡದೆ ಓಡಾಡುವುದನ್ನು ಕಲಿತುಬಿಟ್ಟಿದೆ.

ವಿಮಾನದ ಮುಂದಿನ ಕೋಣೆಯಲ್ಲಿ ಎರಡು ಸೀಟು. ಎಡಗಡೆ ಕ್ಯಾಪ್ಟನ್, ಬಲಗಡೆ ಸಹಪೈಲಟ್. ಬಲದಿಂದ ಎಡಕ್ಕೆ ಸರಿಯಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಸೇವೆಯಲ್ಲಿ ಹಿರಿಯನಾದವನನ್ನು ಮೊದಲು ಕೇಳುತ್ತಾರೆ. ಅವನು ಬೇಡ ಅಂದರೆ ಮುಂದಿನವನಿಗೆ. ಸರಿಯಾಗಿ ಈ ಗಾಳಿಮಾತಿನ ಮಧ್ಯದಲ್ಲಿ ನಮ್ಮ ಊರಿನಲ್ಲೇ ಒಂದು ಕ್ಯಾಪ್ಟನ್ ಜಾಗ ಖಾಲಿಯಾಯಿತು. ಸರದಿ ಸಾಹೇಬನದು. ಒಪ್ಪಿಕೊಂಡರೆ ತರಬೇತಿ, ತರಬೇತಿ ಮುಗಿದರೆ ಎಡಗಡೆ ಸೀಟು, ಜೊತೆಗೆ ಸ್ವಂತ ಮನೆಯಲ್ಲಿ ವಾಸ. ಶುಕ್ರವಾರದೊಳಗೆ ಹೂಂ ಅನ್ನಬೇಕು, ಅಷ್ಟೇ.

ನಾನು ತಂಗಿಗೆ ಹೇಳಿದಾಗ ಅವಳು ಕ್ಲಿನಿಕ್ಕಿನ ಮೆಟ್ಟಿಲ ಮೇಲೇ ಕೂತುಬಿಟ್ಟಳು. ‘ಅಕ್ಕಾ, ನಿಜವಾಗ್ಲೂ? ಸುಳ್ಳು ಹೇಳ್ಬೇಡ ನೋಡು’ ಅಂತ ನನ್ನ ಕೈ ಹಿಡಿದುಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಸಾಹೇಬ ಆ ವಾರ ಮನೆಗೆ ಬಂದ. ನಾನೂ ಊಟಕ್ಕೆ ಹೋಗಿದ್ದೆ. ಕೈಗೆ ಬಂದ ಭಾಗ್ಯದ ಬಗ್ಗೆ ಒಂದು ಮಾತಿಲ್ಲ. ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಪೈಲಟುಗಳ ಗುಂಪಿನ ಮೆಸೇಜುಗಳನ್ನು ಬೆರಳಲ್ಲಿ ಉಜ್ಜುತ್ತ ಕೂತಿದ್ದ. ಅಷ್ಟರಲ್ಲಿ ಫೋನು ಬಂತು. ಮಾಡಿದವನು ಅವನ ಜೊತೆ ಓದಿದವನು, ಈಗ ಪತ್ರಿಕೆಯೊಂದರಲ್ಲಿ ವರದಿಗಾರ.

‘ಹೂಂ ಕಣೋ, ಮಾತುಕತೆ ಮುಗಿದೇ ಹೋಗಿದೆ ಅನ್ಕೋ’ ಎಂದ ಸಾಹೇಬ, ಕುರ್ಚಿಗೆ ಒರಗಿ. ‘ಮೂರು ತಿಂಗಳಲ್ಲಿ ಸಹಿ ಬೀಳುತ್ತೆ. ಅವರ ದೊಡ್ಡ ವಿಮಾನಗಳಿಗೆ ನಮ್ಮೋರನ್ನೇ ತಗೋತಾರೆ. ಏಯ್, ನನ್ನ ಹೆಸರು ಹಾಕ್ಬೇಡ. ಉನ್ನತ ಮೂಲಗಳು ಅಂತ ಹಾಕು.’

ತಂಗಿ ನನ್ನ ಮುಖ ನೋಡಿದಳು.

ಮರುದಿನ ಬೆಳಗ್ಗೆ ಪತ್ರಿಕೆಯಲ್ಲಿ ಬಂತು. ಮಾತುಕತೆ ಬಹುತೇಕ ಮುಕ್ತಾಯ, ಮೂರು ತಿಂಗಳಲ್ಲಿ ಸಹಿ, ದೊಡ್ಡ ವಿಮಾನಗಳಲ್ಲಿ ಪೈಲಟುಗಳಿಗೆ ಅವಕಾಶ ಎಂದು ಉನ್ನತ ಮೂಲಗಳು ತಿಳಿಸಿವೆ. ಸಾಹೇಬ ಪತ್ರಿಕೆ ಹಿಡಿದು ನಮ್ಮ ಮನೆಗೇ ಓಡಿ ಬಂದ. ಹಲ್ಲು ಕೂಡ ಉಜ್ಜಿರಲಿಲ್ಲವೇನೋ.

‘ನೋಡಿದ್ರಾ ಅತ್ತಿಗೆ? ನಾನು ಹೇಳಿರ್ಲಿಲ್ವಾ?’

‘ಹೇಳಿದ್ದು ನೀವೇ ಅಲ್ವೇನ್ರೀ ಸಾಹೇಬ್ರೇ. ಅದಕ್ಕೇ ಬಂದಿದೆ.’

‘ಅಯ್ಯೋ, ನಾನು ಹೇಳಿದ್ದು ಅಂದಾಜು. ಅವರು ನಾಲ್ಕು ಕಡೆ ವಿಚಾರಿಸ್ದೆ ಹಾಗೇ ಹಾಕ್ತಾರಾ?’

‘ಹೋಗ್ಲಿ, ಆ ಉನ್ನತ ಮೂಲ ಯಾರು ಹೇಳಿ.’

‘ಮೂಲ ಅಲ್ಲ ಅತ್ತಿಗೆ, ಮೂಲಗಳು. ಸರಿಯಾಗಿ ಓದಿ.’

ಇಂಥವನ ಕೈಗೆ ಜನ ತಮ್ಮ ಪ್ರಾಣ ಕೊಟ್ಟು, ಬೆಲ್ಟು ಕಟ್ಟಿಕೊಂಡು, ಜ್ಯೂಸು ಕುಡಿಯುತ್ತ ಕೂತಿರುತ್ತಾರೆ! ಮಧ್ಯಾಹ್ನದ ಹೊತ್ತಿಗೆ ಆ ಸುದ್ದಿ ಪೈಲಟುಗಳ ಗುಂಪಿಗೆ ಬಂತು. ದೂರದ ಊರಿನ ಅವನ ಗೆಳೆಯರು ಒಬ್ಬರಾದ ಮೇಲೊಬ್ಬರು ಅವನಿಗೇ ಫೋನು ಮಾಡಿ ಅವನ ಮಾತನ್ನೇ ಅವನಿಗೆ ಹೇಳಿದರು. ಸಂಜೆ ಟೀವಿಯ ಕೋಟುಗಳೂ ಅದನ್ನೇ ಹೇಳಿದವು. ತಾನು ಉಗುಳಿದ್ದು ಊರೆಲ್ಲ ಸುತ್ತಿ ಬಂದರೆ ಅದನ್ನು ತೀರ್ಥ ಅಂತ ತಲೆಗೆ ಹಚ್ಚಿಕೊಳ್ಳುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಇಷ್ಟು ಜನ ಹೇಳ್ತಿದ್ದಾರೆ ಅಂದರೆ ಸುಳ್ಳಾಗೋಕೆ ಸಾಧ್ಯವೇ ಇಲ್ಲ ಅಂತ ತೀರ್ಮಾನಿಸಿಬಿಟ್ಟ.

ಅವನ ಲೆಕ್ಕಾಚಾರ ಹೀಗೆ. ಈಗ ಕ್ಯಾಪ್ಟನ್ ಆದರೆ ನಮ್ಮ ಸಣ್ಣ ವಿಮಾನಕ್ಕೇ ಕೆಲವು ವರ್ಷ ಕಟ್ಟುಬೀಳಬೇಕು. ಬೇಡ ಅಂದು ಕಾದರೆ ವಿಲೀನವಾದ ಮೇಲೆ ದೊಡ್ಡ ವಿಮಾನ, ವಿದೇಶ, ಬೇರೆಯದೇ ಗತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಕತೆ ಇವನಿಗೆ ಚಿಕ್ಕಂದಿನಲ್ಲಿ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಗುರುವಾರ ತಂಗಿ ಅವನ ಮುಂದೆ ನಿಂತಳು. ನಾನೂ ಅಲ್ಲೇ ಇದ್ದೆ.

‘ರೀ, ನಂಗೆ ದೊಡ್ಡ ವಿಮಾನ ಬೇಡ. ನೀವು ಸಂಜೆ ಮನೆಗೆ ಬಂದ್ರೆ ಸಾಕು. ಒಪ್ಕೊಂಡ್ಬಿಡಿ.’

‘ಒಂದು ಮೂರು ತಿಂಗಳು ತಡ್ಕೊಳ್ಳೇ. ನಾನು ಯಾರಿಗೋಸ್ಕರ ಮಾಡ್ತಿರೋದು? ನಿಮಗೋಸ್ಕರಾನೇ.’

‘ನಮಗೋಸ್ಕರ ಅಂದ್ರೆ ನಾನು ಕೇಳಿದ್ದು ಮಾಡಿ.’

‘ನಿಂಗೆ ಈ ವಿಷಯ ಅರ್ಥ ಆಗಲ್ಲ’ ಎಂದ. ಅವಳು ಎದ್ದು ಅಡಿಗೆಮನೆಗೆ ಹೋದಳು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ‘ನಿಮ್ಮ ಉನ್ನತ ಮೂಲಗಳಿಗಾದ್ರೂ ಅರ್ಥ ಆಗುತ್ತೇನೋ, ಕರೆಸಿ ಕೇಳಿ’ ಅಂದುಬಿಟ್ಟೆ. ಅವನು ಎದ್ದು ಬಾಲ್ಕನಿಗೆ ಹೋಗಿ ಫೋನು ಹಿಡಿದುಕೊಂಡ.

ಶುಕ್ರವಾರ ಸಾಹೇಬ ಬೇಡ ಅಂದ. ಜಾಗ ಮುಂದಿನವನಿಗೆ ಹೋಯಿತು. ಅವನನ್ನು ಎಲ್ಲರೂ ಮೌನಿ ಅನ್ನುತ್ತಾರೆ. ಗುಂಪಿನ ಮೆಸೇಜು ಓದುವುದಿಲ್ಲ, ಟೀವಿ ನೋಡುವುದಿಲ್ಲ, ಬಿಡುವಾದಾಗ ಕೂತು ಪದಬಂಧ ಬಿಡಿಸುತ್ತಾನೆ. ಹೊಸದಾಗಿ ಸೇರಿದಾಗ ಅವನಿಗೆ ಟೈ ಕಟ್ಟುವುದನ್ನೂ ತಾನೇ ಕಲಿಸಿದ್ದು ಅಂತ ಸಾಹೇಬ ಹೇಳಿಕೊಂಡು ತಿರುಗುತ್ತಿದ್ದ. ಆಫೀಸಿನಿಂದ ಕೇಳಿದಾಗ ಮೌನಿ ‘ಆಯ್ತು’ ಅಂದನಂತೆ. ಅಷ್ಟೇ, ಫೋನಿಟ್ಟನಂತೆ.

ಆಮೇಲೇನಾಯಿತು? ಏನೂ ಆಗಲಿಲ್ಲ. ಎರಡೂ ಕಂಪನಿಗಳು ಒಂದೇ ದಿನ, ನಾವು ಯಾರ ಜೊತೆಗೂ ಮಾತಾಡಿಲ್ಲ, ಆಡುವ ಯೋಚನೆಯೂ ಇಲ್ಲ ಎಂದು ಪ್ರಕಟಣೆ ಕೊಟ್ಟವು. ನಮ್ಮ ಡ್ಯೂಟಿ ಮ್ಯಾನೇಜರು ಅದೇ ದಿನ ಪಕ್ಕದ ಕೌಂಟರಿನವರ ಟ್ರಾಲಿಯನ್ನು ಒದ್ದ. ಸಾಹೇಬ ಮಾತ್ರ ಜಗ್ಗಲಿಲ್ಲ. ‘ಅಲ್ಲಗಳೆದ್ರು ಅಂದ್ರೆ ಏನೋ ಇದೆ ಅಂತ ಅರ್ಥ ಅತ್ತಿಗೆ’ ಅಂದ. ಮೂರು ತಿಂಗಳು ಕಳೆಯಿತು, ಆರಾಯಿತು. ದೊಡ್ಡ ಕಂಪನಿ ತನ್ನ ಪಾಡಿಗೆ ತಾನು ಹಾರಿತು, ನಮ್ಮದು ತನ್ನ ಪಾಡಿಗೆ ತಾನು ತಡವಾಗಿ ಹಾರಿತು. ಮೌನಿ ತರಬೇತಿ ಮುಗಿಸಿ, ಭುಜಕ್ಕೆ ನಾಲ್ಕನೇ ಪಟ್ಟಿ ಹಾಕಿಕೊಂಡು, ನಮ್ಮ ಊರಿಗೆ ಕ್ಯಾಪ್ಟನ್ ಆಗಿ ಬಂದ.

ಆ ತಿಂಗಳ ರೋಸ್ಟರ್ ಮಾಡುವಾಗ ನನಗೊಂದು ದಾರಿ ಕಂಡಿತು. ಗುರುವಾರ ಸಂಜೆ ದೂರದ ಊರಿನಿಂದ ಇಲ್ಲಿಗೆ ಬರುವ ವಿಮಾನಕ್ಕೆ ಅಲ್ಲಿಯ ಸಹಪೈಲಟ್ ಒಬ್ಬ ಬೇಕು. ಬಂದವನು ಶುಕ್ರವಾರ ಇಡೀ ಇಲ್ಲೇ ಇದ್ದು ಶನಿವಾರ ಬೆಳಗ್ಗೆ ವಾಪಸ್ಸು. ಪ್ರತಿ ವಾರ! ಹೋಟೆಲಿನ ಬದಲು ಮನೆಯಲ್ಲೇ ಮಲಗುತ್ತೇನೆ ಅಂದರೆ ಕಂಪನಿಗೂ ಖುಷಿ. ಎಡಗಡೆ ಸೀಟಿನಲ್ಲಿ ಮೌನಿ. ಸಾಹೇಬನನ್ನು ಹಾಕಲಾ ಅಂತ ಹೆಡ್ ಅವರನ್ನು ಕೇಳಿದೆ, ಹಾಕಿ ಎಂದರು. ತಂಗಿಗೆ ಹೇಳಿದೆ. ಅವಳು ಕ್ಲಿನಿಕ್ಕಿನವರಿಗೆ ಹೇಳಿ ಶುಕ್ರವಾರದ ತನ್ನ ರಜೆ ಗೊತ್ತು ಮಾಡಿಕೊಂಡಳು. ಶುಕ್ರವಾರ ಶಾಲೆಯಿಂದ ಅಪ್ಪನೇ ಕರೆದುಕೊಂಡು ಬರುತ್ತಾರೆ ಅಂತ ಮಗು ತನ್ನ ಟೀಚರಿಗೂ ಹೇಳಿತಂತೆ.

ಸಾಹೇಬನ ಫೋನು ಬಂತು.

‘ಅತ್ತಿಗೆ, ಆ ಗುರುವಾರದ್ದು ತೆಗೀರಿ.’

‘ಯಾಕೆ? ಮನೆಗೆ ಬರಬಹುದಲ್ಲ, ವಾರಾ ವಾರಾ.’

‘ಅವನ ಬಲಗಡೆ ನಾನು ಕೂತ್ಕೋಬೇಕಾ? ಅವನು ಹೇಳಿದ ಹಾಗೆ ನಾನು ಕೇಳ್ಬೇಕಾ? ನಾಲ್ಕು ಜನ ನೋಡಿದ್ರೆ ಏನಂತಾರೆ?’

‘ಆ ನಾಲ್ಕು ಜನ ನಿಮ್ಮ ಮಗಳನ್ನ ಶಾಲೆಯಿಂದ ಕರ್ಕೊಂಡು ಬರ್ತಾರಾ?’

‘ಅದೆಲ್ಲ ಬೇಡ. ತೆಗೀರಿ.’

‘ತೆಗೆಯಲ್ಲ’ ಅಂದು ಫೋನಿಟ್ಟೆ. ಜಂಬಕ್ಕೂ ಒಂದು ಮಿತಿ ಬೇಡವೇ? ಬರಲಿ, ಹೆಂಡತಿ ಮಗಳ ಮುಖ ನೋಡಿದರೆ ಸರಿಹೋಗುತ್ತಾನೆ ಅಂದುಕೊಂಡೆ.

ಗುರುವಾರ ಮಧ್ಯಾಹ್ನ ಸಾಹೇಬನಿಗೆ ಹೊಟ್ಟೆನೋವು. ಬದಲಿ ಸಹಪೈಲಟ್‌ನನ್ನು ಹುಡುಕಿ ಹಾಕಿದ್ದು ನಾನೇ. ತಂಗಿ ಪಾಪ, ಅಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವಲ್ಲ ಅಂತ ಗಾಬರಿಯಾಗಿ ಅವನಿಗೆ ಮೂರು ಸಲ ಫೋನು ಮಾಡಿದಳಂತೆ. ಮುಂದಿನ ಗುರುವಾರ ಜ್ವರ. ಅದರ ಮುಂದಿನ ಗುರುವಾರ ಕಿವಿನೋವು. ಬುಧವಾರದವರೆಗೆ ಗುಂಡುಕಲ್ಲಿನಂತೆ ಇದ್ದು, ಶುಕ್ರವಾರ ಬೆಳಗ್ಗೆ ಮತ್ತೆ ಡ್ಯೂಟಿಗೆ ಹಾಜರಾಗುವ ರೋಗ ಅದು. ಥೂ, ಅವನ ಜನ್ಮಕ್ಕಿಷ್ಟು.

ಕಿವಿನೋವಿನ ದಿನ ಸಂಜೆ ನಾನು ತಂಗಿಯ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಮೂರು ತಟ್ಟೆ ಹಾಕಿತ್ತು. ನಾನು ಕೂತ ಮೇಲೆ ಮಗು ಒಂದು ತಟ್ಟೆಯನ್ನು ನನ್ನ ಮುಂದೆ ಸರಿಸಿ, ‘ದೊಡ್ಡಮ್ಮಾ, ಇದು ನೀನೇ ತಗೋ, ಇವತ್ತೂ ಅಪ್ಪಂಗೆ ಹುಷಾರಿಲ್ಲ’ ಎಂದಿತು. ತಂಗಿ ಬಡಿಸಿದಳು. ನಾವು ಊಟ ಮಾಡಿದೆವು. ಅವನನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ, ಸಾರು ಚೆನ್ನಾಗಿದೆ ಅಂದೆ.

ಮಗು ಕೈತೊಳೆಯಲು ಎದ್ದು ಹೋದ ಮೇಲೆ ತಂಗಿ ಹೇಳಿದಳು. ‘ಮುಂದಿನ ತಿಂಗಳಿಂದ ಅವರನ್ನ ಗುರುವಾರಕ್ಕೆ ಹಾಕ್ಬೇಡ ಅಕ್ಕಾ.’

‘ಹಾಕ್ತೀನಿ. ಎಷ್ಟು ವಾರ ಅಂತ ಹೊಟ್ಟೆನೋವು ಬರುತ್ತೋ ನೋಡೇಬಿಡೋಣ.’

‘ಬೇಡ’ ಎಂದಳು. ಅಳುತ್ತಿರಲಿಲ್ಲ. ‘ಇಷ್ಟು ವರ್ಷ, ಪಾಪ, ಅವರಿಗೆ ಬರೋಕಾಗಲ್ಲ ಅಂತ ನಾನು ತಿಳ್ಕೊಂಡಿದ್ದೆ. ಅದೇ ಚೆನ್ನಾಗಿತ್ತು.’